ಮುಂಬಯಿಯ ಆಘಾತವೂ ನಾಡಿನ ಕಾವಲೂ

ಕೋಟೆಯನ್ನು ಕಂಡವರು ಅದನ್ನು ಕಟ್ಟಿಸಿದ ಅರಸನ ಬಲವನ್ನು ಹೊಗಳುವುದು ರೂಢಿ. ಆದರೆ ಚರಿತ್ರೆಯನ್ನು ಓದುವವನಿಗೆ ಕೋಟೆಯ ಗೋಡೆಯು ಬಲಕ್ಕಿಂತ ಮೊದಲು ಭಯವನ್ನು ತಿಳಿಸುತ್ತದೆ. ಶತ್ರುವು ಯಾವ ದಿಕ್ಕಿನಿಂದ ಬಂದನು, ಹಿಂದಿನ ಸಲ ಎಲ್ಲಿ ಒಳನುಗ್ಗಿದನು ಎಂಬುದನ್ನು ಗೋಡೆಯ ದಪ್ಪವೇ ಹೇಳುವುದು. ನಮ್ಮ ಕಾಲದಲ್ಲಿ ಅಂತಹ ಗೋಡೆಗಳನ್ನು ಕಲ್ಲಿನಿಂದ ಕಟ್ಟುವುದಿಲ್ಲ. ರೈಲು ನಿಲ್ದಾಣದ ಬಾಗಿಲಲ್ಲಿ ನಿಲ್ಲಿಸಿರುವ ಲೋಹಶೋಧಕದ ಚೌಕಟ್ಟು, ಹೋಟೆಲಿನ ಹೆಬ್ಬಾಗಿಲಲ್ಲಿ ಮೋಟಾರಿನ ಅಡಿಗೆ ಹಿಡಿಯುವ ಕನ್ನಡಿ, ಮೀನುಗಾರನ ಕಿಸೆಯಲ್ಲಿರುವ ಗುರುತಿನ ಚೀಟಿ, ಕಾನೂನಿನ ಪುಸ್ತಕಕ್ಕೆ ಹೊಸದಾಗಿ ಸೇರಿದ ಪ್ರಕರಣ, ಇವೇ ಇಂದಿನ ಕೊತ್ತಲಗಳು. ಇವುಗಳಲ್ಲಿ ಒಂದೊಂದರ ಹಿಂದೆಯೂ ಒಂದೊಂದು ದುರ್ದಿನವಿದೆ. ಅಂತಹ ದಿನಗಳಲ್ಲಿ ೨೦೦೮ನೆಯ ಇಸವಿಯ ನವೆಂಬರ್ ೨೬ ಮುಖ್ಯವಾದುದು. ಆ ಆಘಾತದಿಂದ ದೇಶದ ರಕ್ಷಣೆಯ ಏರ್ಪಾಡು ಹೇಗೆ ಬದಲಾಯಿತು, ಜನರ ದಿನಚರಿಯೊಳಕ್ಕೆ ಅದು ಹೇಗೆ ಹೊಕ್ಕಿತು, ಆ ಬದಲಾವಣೆಗಳಲ್ಲಿ ಯಾವುದು ನಿಜವಾದ ಕಾವಲು, ಯಾವುದು ಬರಿಯ ಮನಸ್ಸಮಾಧಾನ ಎಂಬುದನ್ನು ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ನಡೆದ ಸಂಗತಿಯನ್ನು ಸಂಗ್ರಹವಾಗಿ ಹೇಳಬೇಕು. ಕರಾಚಿಯಿಂದ ಸಮುದ್ರಮಾರ್ಗವಾಗಿ ಹೊರಟ ಹತ್ತು ಮಂದಿ ಆಯುಧಪಾಣಿಗಳು ನಡುಗಡಲಿನಲ್ಲಿ ‘ಕುಬೇರ’ ಎಂಬ ಭಾರತೀಯ ಮೀನುದೋಣಿಯನ್ನು ವಶಪಡಿಸಿಕೊಂಡರು. ಅದರಲ್ಲಿದ್ದ ಬಡ ಮೀನುಗಾರರನ್ನು ಕೊಂದರು. ಮುಂಬಯಿಯ ಸಮೀಪಕ್ಕೆ ಬಂದ ಮೇಲೆ ಗಾಳಿ ತುಂಬಿದ ರಬ್ಬರಿನ ದೋಣಿಯಲ್ಲಿ ಕುಳಿತು, ಆ ಬುಧವಾರ ರಾತ್ರಿ ನಗರದ ದಕ್ಷಿಣ ತುದಿಯಲ್ಲಿರುವ ಒಂದು ಮೀನುಗಾರರ ಕೇರಿಯ ಬಳಿ ಇಳಿದರು. ಅಲ್ಲಿಯ ನಿವಾಸಿಯೊಬ್ಬನು, ನೀವು ಯಾರು, ಎಲ್ಲಿಂದ ಬಂದಿರಿ ಎಂದು ಅವರನ್ನು ಕೇಳಿದನು. ಸರಿಯಾದ ಉತ್ತರ ದೊರೆಯಲಿಲ್ಲ. ಬಂದವರು ಇಬ್ಬಿಬ್ಬರಾಗಿ ಚದುರಿ ನಗರದೊಳಕ್ಕೆ ಹೋದರು.

ಮುಂದಿನ ಕಥೆಯನ್ನು ಜಗತ್ತೇ ಬಲ್ಲದು. ಛತ್ರಪತಿ ಶಿವಾಜಿ ರೈಲು ನಿಲ್ದಾಣ, ಲಿಯೋಪೋಲ್ಡ್ ಕೆಫೆ, ತಾಜ್ ಮಹಲ್ ಹೋಟೆಲು, ಒಬೆರಾಯ್ ಟ್ರೈಡೆಂಟ್, ಯಹೂದ್ಯರ ವಸತಿಯಾಗಿದ್ದ ನರಿಮನ್ ಹೌಸ್, ಕಾಮಾ ಆಸ್ಪತ್ರೆ, ಈ ಸ್ಥಳಗಳಲ್ಲಿ ಗುಂಡಿನ ಮಳೆ ಸುರಿಯಿತು. ತಾಜಿನೊಳಗಿನ ಹೋರಾಟ ಮುಗಿದುದು ೨೯ನೆಯ ತಾರೀಖು ಶನಿವಾರ ಬೆಳಗ್ಗೆ. ಸತ್ತವರು ೧೬೬ ಮಂದಿ. ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಹೋಟೆಲುಗಳ ಬೆಂಕಿಯ ಚಿತ್ರವೇ ಎಲ್ಲರ ಕಣ್ಣಿನಲ್ಲಿ ನಿಂತಿದ್ದರೂ, ಐವತ್ತಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟುದು ರೈಲು ನಿಲ್ದಾಣದ ಹಾಸುಗಲ್ಲಿನ ಮೇಲೆ ಎಂಬುದನ್ನು ಮರೆಯಲಾಗದು. ಅವರಲ್ಲಿ ಬಹುಮಂದಿ ದೂರದ ಊರಿನ ಗಾಡಿಗಾಗಿ ಗಂಟುಮೂಟೆಗಳೊಡನೆ ಕಾದು ಕುಳಿತಿದ್ದ ಸಾಮಾನ್ಯರು.

ಆ ರಾತ್ರಿಗಳಲ್ಲಿ ಯಾರ ಅಪ್ಪಣೆಗೂ ಕಾಯದೆ ತಮ್ಮ ಕರ್ತವ್ಯವನ್ನು ತಾವೇ ಕಂಡುಕೊಂಡವರು ಅನೇಕರು. ನಿಲ್ದಾಣದ ಪ್ರಕಟಣೆಗಾರನು ತನ್ನ ಕೊಠಡಿಯನ್ನು ಬಿಟ್ಟು ಓಡದೆ, ಜನರು ಯಾವ ಕಡೆಯಿಂದ ಪಾರಾಗಬೇಕೆಂಬುದನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದನು. ಕಾಮಾ ಆಸ್ಪತ್ರೆಯ ದಾದಿಯರು ಗರ್ಭಿಣಿಯರನ್ನು ಒಳಗೆ ಸೇರಿಸಿ ಬಾಗಿಲು ಭದ್ರಪಡಿಸಿದರು. ಗಿರಗಾಂವ್ ಚೌಪಾಟಿಯಲ್ಲಿ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ ಓಂಬಳೆಯವರು ಬರಿಗೈಯಿಂದ ಬಂದೂಕಿನ ನಳಿಗೆಯನ್ನು ಹಿಡಿದು, ಗುಂಡುಗಳನ್ನು ತಮ್ಮ ಎದೆಯಲ್ಲಿ ತಡೆದು, ಒಬ್ಬನನ್ನು ಜೀವಸಹಿತ ಹಿಡಿಯುವಂತೆ ಮಾಡಿದರು. ಹೇಮಂತ ಕರ್ಕರೆ, ಅಶೋಕ ಕಾಮ್ಟೆ, ವಿಜಯ ಸಾಲಸ್ಕರ್ ಎಂಬ ಮೂವರು ಪೋಲೀಸು ಅಧಿಕಾರಿಗಳು ಮೊದಲ ರಾತ್ರಿಯೇ ಮಡಿದರು. ತಾಜಿನೊಳಗೆ ಮಡಿದ ರಾಷ್ಟ್ರೀಯ ಸುರಕ್ಷಾ ದಳದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಮನೆ ಬೆಂಗಳೂರಿನಲ್ಲಿತ್ತು. ಅವರ ಅಂತ್ಯಯಾತ್ರೆಯ ದಿನ ಆ ನಗರವು ತನ್ನ ಮಗನನ್ನು ಕಳೆದುಕೊಂಡಂತೆ ದುಃಖಿಸಿತು.

೨

‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಹಾಸ್ಯಕ್ಕಾಗಿ ಹೇಳುವುದುಂಟಾದರೂ, ಕೊಳ್ಳೆ ಹೋದ ಮೇಲಾದರೂ ದಿಡ್ಡಿ ಎಲ್ಲಿದೆಯೆಂದು ಹುಡುಕುವುದು ವಿವೇಕವೇ ಸರಿ. ಮುಂಬಯಿಯಲ್ಲಿ ತೆರೆದಿದ್ದ ದಿಡ್ಡಿಗಳು ನಾಲ್ಕು.

ಮೊದಲನೆಯದು ಸಮುದ್ರ. ಇದು ಹೊಸ ಅಪಾಯವೇನೂ ಅಲ್ಲ. ೧೯೯೩ನೆಯ ಮಾರ್ಚಿ ೧೨ರಂದು ಅದೇ ನಗರದಲ್ಲಿ ಸರಣಿಯಾಗಿ ಸಿಡಿದು ೨೫೭ ಜನರನ್ನು ಕೊಂದ ಸ್ಫೋಟಕಗಳು ಇಳಿದುದು ಕೊಂಕಣದ ದಡದಲ್ಲಿಯೇ. ಅನಂತರ ಕಡಲ ಪಹರೆ ಆರಂಭವಾಯಿತು. ೨೦೦೫ರಲ್ಲಿ ೭೩ ಕರಾವಳಿ ಪೋಲೀಸು ಠಾಣೆಗಳನ್ನೂ ೨೦೪ ದೋಣಿಗಳನ್ನೂ ಒದಗಿಸುವ ಯೋಜನೆಯೂ ಮಂಜೂರಾಯಿತು. ಆದರೂ ಮೂರು ವರ್ಷಗಳ ಮೇಲೆ ಒಂದು ರಬ್ಬರಿನ ದೋಣಿ ನಗರದ ಮಧ್ಯಕ್ಕೇ ಬಂದು ತಂಗಿತು. ಎರಡನೆಯದು ಸುದ್ದಿಯ ವಿಲೇವಾರಿ. ಮುಂಬಯಿಯ ಹೋಟೆಲುಗಳಿಗೆ ಅಪಾಯವುಂಟೆಂಬ ಸೂಚನೆಗಳು ಮೊದಲೇ ಬಂದಿದ್ದುವು. ಒಬ್ಬರ ಕೈಗೆ ಬಂದ ಸೂಚನೆ ಮತ್ತೊಬ್ಬರ ಕಾರ್ಯವಾಗಿ ಪರಿಣಮಿಸಲಿಲ್ಲ. ಮೂರನೆಯದು ದೂರ. ಇಂತಹ ಹೋರಾಟಕ್ಕೆಂದೇ ೧೯೮೪ರಲ್ಲಿ ರಚಿತವಾದ ರಾಷ್ಟ್ರೀಯ ಸುರಕ್ಷಾ ದಳದ ನೆಲೆ ದೆಹಲಿಯ ಸಮೀಪದ ಮಾನೇಸರದಲ್ಲಿತ್ತು. ಆ ದಳವನ್ನು ಕರೆದೊಯ್ಯಬೇಕಾದ ವಿಮಾನ ಚಂಡೀಗಢದಿಂದ ಬರಬೇಕಾಯಿತು. ದಳವು ಮುಂಬಯಿಯಲ್ಲಿ ಕಾರ್ಯಕ್ಕಿಳಿಯುವ ಹೊತ್ತಿಗೆ ಬೆಳಗಾಗಿದ್ದಿತು. ಅಲ್ಲಿಯವರೆಗೆ ಎದುರಾದವರು ಹಳೆಯ ಬಂದೂಕು ಹಿಡಿದ, ಕೆಲವೆಡೆ ಲಾಠಿಯನ್ನು ಮಾತ್ರ ಹಿಡಿದ ಪೋಲೀಸರು. ಆ ರಾತ್ರಿಯೇ ಬಂದ ನೌಕಾಸೇನೆಯ ಒಂದು ಸಣ್ಣ ತಂಡ ಅವರಿಗೆ ನೆರವಾಯಿತು. ನಾಲ್ಕನೆಯದು ಯಾರೂ ಎಣಿಸದಿದ್ದುದು: ದೂರದರ್ಶನದ ನೇರ ಪ್ರಸಾರ. ನಮ್ಮ ಯೋಧರು ಯಾವ ಮಾಳಿಗೆಯಲ್ಲಿ ಇಳಿಯುತ್ತಿದ್ದಾರೆಂಬುದನ್ನು ನಾಡಿನ ಮನೆಮನೆಯಲ್ಲಿ ಕುಳಿತು ನೋಡಿದಂತೆಯೇ, ಗಡಿಯಾಚೆ ಕುಳಿತು ಫೋನಿನಲ್ಲಿ ಆಜ್ಞೆ ಕೊಡುತ್ತಿದ್ದವರೂ ನೋಡುತ್ತಿದ್ದರು.

ಹೀಗೆ ದಿಡ್ಡಿಗಳು ಕಂಡುವು. ಇವುಗಳನ್ನು ಮುಚ್ಚಲು ಮಾಡಿದ ಯತ್ನಗಳನ್ನು ಮುಂದೆ ನೋಡೋಣ.

೩

ಘಟನೆಯ ಮರುದಿನವೇ ಕೇಂದ್ರದ ಗೃಹಮಂತ್ರಿಗಳು ರಾಜೀನಾಮೆಯಿತ್ತರು; ಪಿ. ಚಿದಂಬರಂ ಅವರು ಆ ಸ್ಥಾನಕ್ಕೆ ಬಂದರು. ಡಿಸೆಂಬರ್ ೧೬ರಂದು ಲೋಕಸಭೆಯಲ್ಲಿ ಎರಡು ಮಸೂದೆಗಳು ಮಂಡಿತವಾದುವು. ೧೭ರಂದು ಲೋಕಸಭೆಯೂ ೧೮ರಂದು ರಾಜ್ಯಸಭೆಯೂ ಅವುಗಳನ್ನು ಅಂಗೀಕರಿಸಿದುವು. ವರ್ಷದ ಕೊನೆಯ ದಿನ ರಾಷ್ಟ್ರಪತಿಗಳ ಅಂಕಿತವಾಯಿತು. ಒಂದು, ರಾಷ್ಟ್ರೀಯ ತನಿಖಾ ಸಂಸ್ಥೆಯನ್ನು ಸ್ಥಾಪಿಸುವ ಶಾಸನ. ಇನ್ನೊಂದು, ೧೯೬೭ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಗೆ ತಿದ್ದುಪಡಿ.

ಮೊದಲನೆಯದರ ಮಹತ್ವವನ್ನು ಅರಿಯಲು ನಮ್ಮ ಸಂವಿಧಾನದ ಏರ್ಪಾಡನ್ನು ನೆನೆಯಬೇಕು. ಪೋಲೀಸು ಎಂಬುದು ರಾಜ್ಯಗಳಿಗೆ ಸೇರಿದ ವಿಷಯ. ಒಂದು ರಾಜ್ಯದಲ್ಲಿ ಸಂಚು ಹೂಡಿ, ಎರಡನೆಯದರಲ್ಲಿ ಅಡಗಿ, ಮೂರನೆಯದರಲ್ಲಿ ಕೊಲೆ ಮಾಡುವವರನ್ನು ಮೂರು ಪೋಲೀಸು ಇಲಾಖೆಗಳು ಬೇರೆಬೇರೆಯಾಗಿ ಹುಡುಕಬೇಕಾಗಿದ್ದಿತು. ಹೊಸ ಸಂಸ್ಥೆಗೆ ರಾಜ್ಯದ ಒಪ್ಪಿಗೆಯನ್ನು ಕಾಯದೆಯೇ ತನಿಖೆ ವಹಿಸಿಕೊಳ್ಳುವ ಅಧಿಕಾರ ದೊರೆಯಿತು. ಇದು ಭಯೋತ್ಪಾದನೆಗೆ ಮಾತ್ರ ಸಂಬಂಧಿಸಿದ ಬದಲಾವಣೆಯಲ್ಲ. ಕೇಂದ್ರಕ್ಕೂ ರಾಜ್ಯಗಳಿಗೂ ಇರುವ ತಕ್ಕಡಿಯ ಮುಳ್ಳು ಕೊಂಚ ವಾಲಿದ ಸಂದರ್ಭ. ೨೦೧೨ರಲ್ಲಿ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ ಒಂದು ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರವನ್ನು ರಚಿಸಲು ಹೊರಟಾಗ ಹಲವು ಮುಖ್ಯಮಂತ್ರಿಗಳು ಬಲವಾಗಿ ವಿರೋಧಿಸಿದರು; ಆ ಯೋಜನೆ ನಿಂತಿತು. ಭಯವು ಹೊಸದಾಗಿದ್ದಾಗ ಎರಡು ದಿನಗಳಲ್ಲಿ ಆದ ಕೆಲಸ, ಭಯ ಹಳೆಯದಾದ ಮೇಲೆ ಮೂರು ವರ್ಷಗಳಾದರೂ ಆಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಮಿಕ್ಕ ದಿಡ್ಡಿಗಳಿಗೂ ಅಗುಳಿ ಹಾಕಲಾಯಿತು. ೨೦೦೯ರಲ್ಲಿ ಸುರಕ್ಷಾ ದಳದ ನೆಲೆಗಳು ಮುಂಬಯಿ, ಚೆನ್ನೈ, ಹೈದರಾಬಾದು, ಕೋಲ್ಕತ್ತಾಗಳಲ್ಲಿ ಏರ್ಪಟ್ಟುವು. ಗೂಢಚಾರ ಇಲಾಖೆಗಳು ತಮ್ಮ ಸುದ್ದಿಗಳನ್ನು ಹಂಚಿಕೊಳ್ಳುವುದಕ್ಕಾಗಿ ಹಿಂದೆಯೇ ಇದ್ದ ಕೇಂದ್ರಕ್ಕೆ ಹಗಲಿರುಳೂ ಕೆಲಸ ಮಾಡುವ ಹೊಣೆ ಬಂದಿತು. ನೇರ ಪ್ರಸಾರದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ಕಟುವಾದ ಮಾತುಗಳನ್ನಾಡಿತು. ಕಾರ್ಯಾಚರಣೆಗಳ ನೇರ ಪ್ರಸಾರವನ್ನು ನಿಷೇಧಿಸಿದ ನಿಯಮ ೨೦೧೫ರಲ್ಲಿ ಜಾರಿಗೆ ಬಂದಿತು. ಮುಂಬಯಿಯ ಬೀದಿಗಳಲ್ಲಿ ಕಣ್ಗಾವಲಿನ ಕ್ಯಾಮರಾಗಳನ್ನಿಡಬೇಕೆಂದು ವಿಚಾರಣಾ ಸಮಿತಿಯು ಸೂಚಿಸಿದುದು ೨೦೦೯ರಲ್ಲಿ. ನಾಲ್ಕು ಸಾವಿರಕ್ಕೂ ಹೆಚ್ಚು ಕ್ಯಾಮರಾಗಳ ಆ ಏರ್ಪಾಡು ಪೂರ್ತಿಯಾದುದು ೨೦೧೬ರಲ್ಲಿ. ಶಾಸನಕ್ಕೆ ಎರಡು ದಿನ, ಕಂಬಕ್ಕೆ ಏಳು ವರ್ಷ. ಕಾಗದದ ಮೇಲಿನ ಕಾವಲು ಬೇಗ ಏಳುತ್ತದೆ. ನೆಲದ ಮೇಲಿನ ಕಾವಲು ತಡವಾಗಿ ಏಳುತ್ತದೆ.

೪

ಈ ಬದಲಾವಣೆಗಳೆಲ್ಲ ದೆಹಲಿ ಮುಂಬಯಿಗಳಿಗೆ ಸೇರಿದುವೆಂದು ನಾವು ಎಣಿಸಬೇಕಾದುದಿಲ್ಲ. ನಮ್ಮ ನಾಡಿನಲ್ಲಿ ಆ ಮೂರು ರಾತ್ರಿಗಳ ಗುರುತು ಆಳವಾಗಿ ಬಿದ್ದಿರುವುದು ಕಾರವಾರದಿಂದ ಮಂಗಳೂರಿನವರೆಗಿನ ಕಡಲ ಅಂಚಿನಲ್ಲಿ.

೨೦೦೯ರ ಫೆಬ್ರವರಿಯಲ್ಲಿ ಇಡೀ ಕಡಲಿನ ರಕ್ಷಣೆಯ ಒಟ್ಟು ಹೊಣೆಯನ್ನು ನೌಕಾಸೇನೆಗೆ ವಹಿಸಲಾಯಿತು. ದಡದ ಸಮೀಪದ ನೀರಿನಲ್ಲಿ ಕರಾವಳಿ ರಕ್ಷಣಾ ಪಡೆಯೂ ಕರಾವಳಿ ಪೋಲೀಸರೂ ಕೂಡಿ ಕೆಲಸ ಮಾಡಬೇಕೆಂದಾಯಿತು. ಕರ್ನಾಟಕದ ಮೂರು ಕರಾವಳಿ ಜಿಲ್ಲೆಗಳಲ್ಲಿ ಇಂತಹ ಠಾಣೆಗಳು ಒಂಬತ್ತಾದುವು; ಅವುಗಳ ಮುಖ್ಯ ಕಚೇರಿ ಮಲ್ಪೆಯಲ್ಲಿದೆ. ಮೀನುಗಾರರಿಗೆ ಬೆರಳಚ್ಚಿನ ಗುರುತಿನ ಚೀಟಿಗಳನ್ನು ಕೊಡುವುದು, ದೋಣಿಗಳನ್ನು ಒಂದೇ ಕ್ರಮದಲ್ಲಿ ನೋಂದಾಯಿಸುವುದು, ಯಾವ ರಾಜ್ಯದ ದೋಣಿಯೆಂದು ದೂರದಿಂದಲೇ ತಿಳಿಯುವಂತೆ ಬೇರೆಬೇರೆ ಬಣ್ಣ ಬಳಿಸುವುದು, ದೊಡ್ಡ ದೋಣಿಗಳಲ್ಲಿ ತಮ್ಮ ಇರವನ್ನು ತಾವೇ ಸಾರುವ ಯಂತ್ರಗಳನ್ನಿಡುವುದು, ‘ಸಾಗರ ಕವಚ’ವೆಂಬ ಅಣಕು ಕಾರ್ಯಾಚರಣೆಗಳನ್ನು ನಡೆಸುವುದು, ಹೀಗೆ ಕ್ರಮಗಳು ಒಂದೊಂದಾಗಿ ಬಂದುವು.

ಇದರಿಂದ ಮೀನುಗಾರನ ಬಾಳಿನಲ್ಲಿ ಆದ ವ್ಯತ್ಯಾಸವನ್ನು ಯೋಚಿಸಬೇಕು. ಅವನಿಗೆ ಕಡಲು ಹೊಲವಿದ್ದಂತೆ. ಹೊಲಕ್ಕೆ ಹೋಗುವ ರೈತನನ್ನು ಯಾರೂ ಚೀಟಿ ತೋರಿಸೆಂದು ಕೇಳುವುದಿಲ್ಲ. ಬೆಳಗಿನ ಜಾವ ಬಲೆ ಹೊತ್ತು ಹೊರಡುವ ಮೀನುಗಾರನಿಗೆ ಈಗ ದೋಣಿಯ ಕಾಗದ, ತನ್ನ ಚೀಟಿ, ಆಳುಗಳ ಚೀಟಿ ಎಲ್ಲವೂ ಜೊತೆಗಿರಬೇಕು. ಮಳೆಗಾಲದ ನಿಷೇಧ, ಎಣ್ಣೆಯ ಬೆಲೆ, ಮೀನಿನ ಬರ ಇವುಗಳ ಜೊತೆಗೆ ಇದೊಂದು ಹೊಸ ಕಟ್ಟಳೆ. ಅವನು ಕಡಲಿನ ಕಣ್ಣೆಂದು ಸರಕಾರ ಕರೆಯುತ್ತದೆ. ಕಡಲಿನಲ್ಲಿ ಎದುರಾದಾಗ ಅವನೇ ಮೊದಲ ಸಂಶಯಕ್ಕೂ ಗುರಿಯಾಗುತ್ತಾನೆ. ಆದರೂ ನಮ್ಮ ಕರಾವಳಿಯ ಜನರು ಈ ಕಟ್ಟಳೆಯನ್ನು ಒಟ್ಟಿನಲ್ಲಿ ಒಪ್ಪಿಕೊಂಡರು. ‘ಕುಬೇರ’ದಲ್ಲಿ ಮೊದಲು ಸತ್ತವರು ತಮ್ಮಂತಹ ಮೀನುಗಾರರೇ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಪ್ಪಿಕೊಂಡವರು ಪ್ರತಿಯಾಗಿ ಏನನ್ನು ನಿರೀಕ್ಷಿಸಿದರು? ತಮಗೆ ಕಷ್ಟ ಬಂದಾಗ ಆ ಕಣ್ಣುಗಳು ತಮ್ಮ ಕಡೆಗೂ ತಿರುಗಲೆಂದು. ಈ ನಿರೀಕ್ಷೆಯ ಪರೀಕ್ಷೆ ಹತ್ತು ವರ್ಷಗಳ ಮೇಲೆ ನಡೆಯಿತು. ೨೦೧೮ರ ಡಿಸೆಂಬರ್ ೧೩ರಂದು ಮಲ್ಪೆಯಿಂದ ಏಳು ಜನರೊಡನೆ ಹೊರಟ ‘ಸುವರ್ಣ ತ್ರಿಭುಜ’ವೆಂಬ ದೋಣಿಯ ಸಂಪರ್ಕ ಎರಡು ಮೂರು ದಿನಗಳಲ್ಲಿಯೇ ಕಡಿದುಹೋಯಿತು. ಮುಂದಿನ ಜನವರಿಯಲ್ಲಿ ಸಹಸ್ರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು, ನಮ್ಮವರನ್ನು ಹುಡುಕಿಕೊಡಿರಿ ಎಂದು ಕೇಳಿದರು. ಮಹಾರಾಷ್ಟ್ರದ ಮಾಲವಣದಾಚೆ ಕಡಲಿನ ತಳದಲ್ಲಿ ಆ ದೋಣಿಯ ಅವಶೇಷಗಳು ನೌಕಾಸೇನೆಯ ಹಡಗಿಗೆ ಗೋಚರಿಸಿದುದು ೨೦೧೯ರ ಮೇ ತಿಂಗಳಿನಲ್ಲಿ. ಇದು ಭಯೋತ್ಪಾದನೆಯ ಸಂಗತಿಯಲ್ಲ. ಆದರೂ ನಮ್ಮ ವಿಷಯಕ್ಕೆ ಸೇರಿದುದೆಂದೇ ಎಣಿಸಬೇಕು; ಏಕೆಂದರೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಒಂದು ಪರಿಚಿತ ದೋಣಿಯ ಗತಿಯನ್ನು ತಿಳಿಯಲಾರದ ಕಡಲಿನಲ್ಲಿ ಅಪರಿಚಿತ ದೋಣಿಯನ್ನು ಕಂಡುಹಿಡಿಯುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ಕಾವಲು ಕಾಯುವ ಕಣ್ಣೂ ಕಾಪಾಡುವ ಕಣ್ಣೂ ಒಂದೇ ಆಗಬೇಕೆಂದು ದಡದ ಜನರು ಕೇಳುವುದರಲ್ಲಿ ಅನ್ಯಾಯವಿಲ್ಲ.

೫

ಇನ್ನು ಎರಡನೆಯ ಶಾಸನದ ವಿಚಾರ. ಇದನ್ನು ಸರಿಯಾಗಿ ತೂಗಲು ನೂರು ವರ್ಷ ಹಿಂದಕ್ಕೆ ಹೋಗುವುದು ಉಪಯುಕ್ತ.

೧೯೦೮ನೆಯ ಏಪ್ರಿಲ್ ೩೦ರಂದು ಬಿಹಾರದ ಮುಜಫ್ಫರಪುರದಲ್ಲಿ ಒಬ್ಬ ಆಂಗ್ಲ ನ್ಯಾಯಾಧೀಶನಿಗೆಂದು ಎಸೆದ ಬಾಂಬು ಬೇರೊಂದು ಗಾಡಿಯ ಮೇಲೆ ಬಿದ್ದು ಇಬ್ಬರು ಮಹಿಳೆಯರು ಸತ್ತರು. ಪರಾಧೀನತೆಯ ವಿರುದ್ಧ ಪ್ರಾಣವನ್ನೊಡ್ಡಿದ ಆ ತರುಣರನ್ನೂ ಮುಂಬಯಿಯ ಕೊಲೆಗಡುಕರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಅಭಿಪ್ರಾಯವಲ್ಲ. ನಮಗೆ ಬೇಕಾದುದು ಸರಕಾರವು ಕೊಟ್ಟ ಉತ್ತರ ಮಾತ್ರ. ಜೂನ್ ೮ರಂದು, ಒಂದೇ ದಿನ, ಎರಡು ಶಾಸನಗಳು ಹುಟ್ಟಿದುವು. ಒಂದು ಸ್ಫೋಟಕ ವಸ್ತುಗಳ ಕಾಯಿದೆ. ಇನ್ನೊಂದು ಅಪರಾಧಕ್ಕೆ ಪ್ರಚೋದಿಸುವ ವೃತ್ತಪತ್ರಿಕೆಗಳ ಮುದ್ರಣಾಲಯಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಕಾಯಿದೆ. ಆ ಬಾಂಬಿನ ವಿಷಯವಾಗಿ ‘ಕೇಸರಿ’ಯಲ್ಲಿ ಬರೆದ ಲೇಖನಗಳಿಗಾಗಿ ತಿಲಕರು ರಾಜದ್ರೋಹದ ಅಪರಾಧಿಯೆನಿಸಿ ಮಂಡಾಲೆಗೆ ಹೋದುದು ಆ ವರ್ಷವೇ. ಆ ಗಾಳಿ ನಮ್ಮ ಮೈಸೂರಿಗೂ ಬೀಸಿತು. ೧೯೦೮ರಲ್ಲಿಯೇ ಸಂಸ್ಥಾನದ ವೃತ್ತಪತ್ರಿಕೆಗಳ ಮೇಲೆ ಕಠಿಣವಾದ ನಿಬಂಧನೆ ಬಂದಿತು. ತಾತಯ್ಯನವರೆಂದು ಪೂಜ್ಯರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು.

ಆ ಅವಳಿ ಶಾಸನಗಳ ಗತಿ ಏನಾಯಿತು? ಪತ್ರಿಕೆಗಳ ಬಾಯಿ ಕಟ್ಟಲು ಬಂದುದು ೧೯೨೨ರಲ್ಲಿ ರದ್ದಾಯಿತು. ಅದನ್ನು ಇಂದು ಪಂಡಿತರಲ್ಲದೆ ಇತರರು ನೆನೆಯುವುದಿಲ್ಲ. ಸ್ಫೋಟಕ ವಸ್ತುಗಳ ಕಾಯಿದೆ ಸ್ವತಂತ್ರ ಭಾರತದಲ್ಲಿಯೂ ಉಳಿಯಿತು. ಸರಿಯಾಗಿ ನೂರು ವರ್ಷಗಳ ಮೇಲೆ ಮುಂಬಯಿಯಲ್ಲಿ ಸೆರೆಸಿಕ್ಕ ಅಪರಾಧಿಯ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಅದೂ ಸೇರಿದ್ದಿತು. ಒಂದೇ ಭಯದ ಬಸಿರಿನಿಂದ ಒಂದೇ ದಿನ ಬಂದ ಎರಡರಲ್ಲಿ ಒಂದು ಉಳಿದು ಇನ್ನೊಂದು ಅಳಿಯಲು ಕಾರಣವಿಷ್ಟೆ: ಒಂದು ಕೃತ್ಯವನ್ನು ಹಿಡಿಯಿತು, ಇನ್ನೊಂದು ಮಾತನ್ನು ಹಿಡಿಯಿತು.

ಸ್ವಾತಂತ್ರ್ಯಾನಂತರವೂ ಇಂತಹ ಪರೀಕ್ಷೆಗಳು ನಡೆದಿವೆ. ೧೯೮೫ರಲ್ಲಿ ಪಂಜಾಬಿನ ಕ್ಷೋಭೆಯ ಕಾಲದಲ್ಲಿ ಟಾಡಾ ಎಂಬ ಶಾಸನ ಬಂದಿತು. ಅದರ ಬಿಸಿ ಕನ್ನಡಿಗರಿಗೆ ತಗಲಿದುದು ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ. ೧೯೯೩ರಲ್ಲಿ ವೀರಪ್ಪನ್ ತಂಡದವರು ಪಾಲಾರಿನ ಬಳಿ ನೆಲಬಾಂಬು ಸಿಡಿಸಿ ೨೨ ಜನರನ್ನು ಕೊಂದ ಮೇಲೆ, ಸುತ್ತಣ ಹಳ್ಳಿಗಳಿಂದ ನೂರಕ್ಕೂ ಹೆಚ್ಚು ಮಂದಿಯನ್ನು, ಹೆಂಗಸರನ್ನೂ ಕೂಡ, ಆ ಶಾಸನದ ಪ್ರಕಾರ ಹಿಡಿದು ಮೈಸೂರಿನ ಸೆರೆಮನೆಯಲ್ಲಿಟ್ಟರು. ೧೯೯೫ರಲ್ಲಿ ಶಾಸನವೇ ಕಾಲ ಮುಗಿದು ಅಳಿಯಿತು. ಸೆರೆಯಲ್ಲಿದ್ದವರ ವ್ಯಾಜ್ಯ ಅಳಿಯಲಿಲ್ಲ. ೨೦೦೧ರಲ್ಲಿ ತೀರ್ಪಾದಾಗ ಅವರಲ್ಲಿ ಬಹುತೇಕ ಮಂದಿ ನಿರಪರಾಧಿಗಳೆಂದು ಹೊರಬಂದರು. ಅಷ್ಟು ಹೊತ್ತಿಗೆ ಅನೇಕರ ಆಯುಷ್ಯದಲ್ಲಿ ಎಂಟು ವರ್ಷಗಳು ಕಳೆದುಹೋಗಿದ್ದುವು. ೨೦೦೧ರ ಡಿಸೆಂಬರ್ ೧೩ರಂದು ಪಾರ್ಲಿಮೆಂಟಿನ ಮೇಲೆ ದಾಳಿಯಾದ ಬಳಿಕ ೨೦೦೨ರಲ್ಲಿ ಪೋಟಾ ಬಂದಿತು. ೨೦೦೪ರಲ್ಲಿ ಅದೂ ರದ್ದಾಯಿತು.

೨೦೦೮ರ ತಿದ್ದುಪಡಿ ಈ ಎರಡು ಶಾಸನಗಳ ಕೆಲವು ಅಂಶಗಳನ್ನು ಮತ್ತೆ ತಂದಿತು. ಆಪಾದನಾ ಪತ್ರವಿಲ್ಲದೆ ೧೮೦ ದಿನಗಳವರೆಗೆ ಆಪಾದಿತನನ್ನು ಸೆರೆಯಲ್ಲಿಡಬಹುದು. ಆಪಾದನೆಯು ಮೇಲ್ನೋಟಕ್ಕೆ ನಿಜವೆಂದು ತೋರಿದರೆ ನ್ಯಾಯಾಧೀಶರು ಜಾಮೀನು ಕೊಡುವಂತಿಲ್ಲ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಎಣಿಸುವ ಹಿಂದಿನ ದೋಷವನ್ನು ಮಾತ್ರ ಇದು ಬಿಟ್ಟಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಟಾಡಾ ಪೋಟಾಗಳಿಗೆ ಇಂತಿಷ್ಟು ವರ್ಷವೆಂಬ ಆಯುಃಪ್ರಮಾಣವನ್ನು ಶಾಸನದಲ್ಲಿಯೇ ಬರೆದಿದ್ದಿತು. ಅವಧಿ ಮುಗಿದಾಗ, ಇದು ಇನ್ನೂ ಬೇಕೆ ಎಂದು ಸಭೆ ಕೇಳಿಕೊಳ್ಳಬೇಕಾಗಿದ್ದಿತು. ಈ ತಿದ್ದುಪಡಿಗೆ ಅಂತಹ ಅವಧಿಯಿಲ್ಲ. ೨೦೧೯ರಲ್ಲಿ, ಸಂಘಗಳನ್ನಷ್ಟೇ ಅಲ್ಲದೆ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಸರಕಾರ ಘೋಷಿಸಬಹುದೆಂದು ಅದೇ ಕಾಯಿದೆ ಇನ್ನಷ್ಟು ಬೆಳೆಯಿತು. ವಿಚಾರಣೆಯೇ ನಡೆಯದೆ ವರ್ಷಗಳು ಉರುಳಿದಾಗ ಉಚ್ಚ ನ್ಯಾಯಾಲಯಗಳು ಸಂವಿಧಾನದ ಆಧಾರದ ಮೇಲೆ ಜಾಮೀನು ಕೊಡಬಹುದೆಂದು ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಗಿ ಬಂದಿತು. ತುರ್ತಿನಲ್ಲಿ ಕಟ್ಟಿದ ಚಪ್ಪರವು ಹೀಗೆ ಮನೆಯೇ ಆಗಿಬಿಟ್ಟಿದೆ.

ಇದಕ್ಕೆ ಎದುರಾಗಿ ಅದೇ ಮುಂಬಯಿ ಪ್ರಕರಣದಲ್ಲಿ ನಮ್ಮ ನ್ಯಾಯಪದ್ಧತ್ತಿಯ ಕೀರ್ತಿಗೆ ಕಾರಣವಾದ ಒಂದು ಸಂಗತಿಯಿದೆ. ಜಗತ್ತಿನ ಕಣ್ಣೆದುರಿನಲ್ಲಿ ಕೊಲೆ ಮಾಡಿದ ಅಜ್ಮಲ್ ಕಸಬನಿಗೂ ವಕೀಲರನ್ನು ಕೊಡಲಾಯಿತು. ನೂರಾರು ಸಾಕ್ಷಿಗಳ ವಿಚಾರಣೆಯಾಯಿತು. ೨೦೧೦ರ ಮೇ ತಿಂಗಳಿನಲ್ಲಿ ಅವನಿಗೆ ಮರಣದಂಡನೆಯನ್ನು ವಿಧಿಸಿದ ನ್ಯಾಯಸ್ಥಾನವೇ, ಅವನ ಜೊತೆಗೆ ವಿಚಾರಣೆಗೊಳಗಾಗಿದ್ದ ಇಬ್ಬರು ಭಾರತೀಯರ ವಿರುದ್ಧ ಸಾಕ್ಷ್ಯ ಸಾಲದೆಂದು ಅವರನ್ನು ಆ ಪ್ರಕರಣದಿಂದ ಬಿಡುಗಡೆ ಮಾಡಿತು. ಸರ್ವೋಚ್ಚ ನ್ಯಾಯಾಲಯವು ೨೦೧೨ರ ಆಗಸ್ಟಿನಲ್ಲಿ ಎರಡು ತೀರ್ಮಾನಗಳನ್ನೂ ಎತ್ತಿಹಿಡಿಯಿತು. ಆ ವರ್ಷದ ನವೆಂಬರ್ ೨೧ರಂದು ಪುಣೆಯ ಯರವಡಾ ಸೆರೆಮನೆಯಲ್ಲಿ ಶಿಕ್ಷೆ ನಡೆಯಿತು. ಇಷ್ಟು ರೋಷದ ನಡುವೆಯೂ ಸಾಕ್ಷ್ಯವುಳ್ಳವನನ್ನೂ ಸಾಕ್ಷ್ಯವಿಲ್ಲದವರನ್ನೂ ಬೇರ್ಪಡಿಸಿ ನೋಡಿದ ಈ ತೀರ್ಪು ದೇಶದ ದೊಡ್ಡ ಕೊತ್ತಲಗಳಲ್ಲಿ ಒಂದೆಂದು ನನ್ನ ಭಾವನೆ.

೬

ಜನಜೀವನದ ಕಡೆಗೆ ತಿರುಗಿದರೆ ಎರಡು ಬಗೆಯ ಚಿತ್ರಗಳು ಕಾಣುತ್ತವೆ.

ಬೇಗನೆ ಮೊದಲಿನಂತಾದುದು ಒಂದು. ಶಿವಾಜಿ ನಿಲ್ದಾಣದಿಂದ ಗಾಡಿಗಳು ಮರುದಿನವೇ ಹೊರಟುವು. ಲಿಯೋಪೋಲ್ಡ್ ಕೆಫೆ ಕೆಲವೇ ದಿನಗಳಲ್ಲಿ ಬಾಗಿಲು ತೆರೆಯಿತು. ಗುಂಡಿನ ಗುರುತುಗಳನ್ನು ಗೋಡೆಯಲ್ಲಿ ಹಾಗೆಯೇ ಉಳಿಸಿಕೊಂಡಿತು. ತಾಜಿನ ಒಂದು ಭಾಗ ಡಿಸೆಂಬರ್ ೨೧ರಂದೂ, ಸುಟ್ಟ ಹಳೆಯ ಅರಮನೆಯ ಭಾಗ ೨೦೧೦ರ ಸ್ವಾತಂತ್ರ್ಯ ದಿನದಂದೂ ತೆರೆದುವು. ತಾಯ್ನಾಡಿಗೆ ಹಿಂತಿರುಗಿದ್ದ ಇಂಗ್ಲೆಂಡಿನ ಕ್ರಿಕೆಟ್ ತಂಡ ಡಿಸೆಂಬರಿನಲ್ಲಿಯೇ ಮತ್ತೆ ಬಂದು ಚೆನ್ನೈಯಲ್ಲಿ ಆಡಿತು. ಇವೆಲ್ಲಕ್ಕಿಂತ ಮಹತ್ವದ ಸಂಗತಿ ಬೇರೊಂದು. ೧೯೯೨-೯೩ರಲ್ಲಿ ಕೋಮುಗಲಭೆಗಳಿಂದ ಬೆಂದಿದ್ದ ಅದೇ ನಗರವು ೨೦೦೮ರಲ್ಲಿ ತನ್ನ ಮೇಲೆಯೇ ತಾನು ಕೈ ಎತ್ತಲಿಲ್ಲ. ಸತ್ತ ಒಂಬತ್ತು ಮಂದಿ ದಾಳಿಕಾರರ ಶವಗಳಿಗೆ ತಮ್ಮ ಸ್ಮಶಾನದಲ್ಲಿ ಎಡೆಯಿಲ್ಲವೆಂದು ಮುಂಬಯಿಯ ಮುಸಲ್ಮಾನರ ಸಂಸ್ಥೆಯೇ ಹೇಳಿತು. ನಾಡನ್ನು ಒಡೆಯುವುದೇ ದಾಳಿಯ ಒಂದು ಉದ್ದೇಶವಾಗಿದ್ದರೆ ಅದು ಅಲ್ಲಿ ಸೋತಿತು.

ಮೊದಲಿನಂತಾಗದೆ ಉಳಿದುದು ಇನ್ನೊಂದು. ಹೋಟೆಲು, ಸಿನೆಮಾ ಮಂದಿರ, ದೊಡ್ಡ ಅಂಗಡಿಗಳ ಬಾಗಿಲಲ್ಲಿ ಚೀಲವನ್ನು ಬಿಚ್ಚಿ ತೋರಿಸುವುದು ದೇವಾಲಯದ ಮುಂದೆ ಚಪ್ಪಲಿ ಬಿಡುವಷ್ಟೇ ಸಹಜವಾಯಿತು. ೨೦೦೯ರಲ್ಲಿ ಕಾನೂನನ್ನು ತಿದ್ದಿ, ಅದುವರೆಗೆ ಸರಕಾರದ ಉದ್ಯಮಗಳನ್ನು ಕಾಯುತ್ತಿದ್ದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯನ್ನು ಖಾಸಗಿ ಸಂಸ್ಥೆಗಳೂ ವೆಚ್ಚ ತೆತ್ತು ಪಡೆಯಬಹುದೆಂದು ಮಾಡಲಾಯಿತು. ಆ ಪಡೆ ಮೊದಲು ಬಂದು ನಿಂತುದು ಬೆಂಗಳೂರಿನ ಇನ್‌ಫೋಸಿಸ್ ಸಂಸ್ಥೆಯ ಬಾಗಿಲಲ್ಲಿ. ಬಾಡಿಗೆಗೆ ಮನೆ ಹುಡುಕುವವನ ಹೆಸರು, ಊರು, ಗುರುತುಗಳನ್ನು ಕೇಳುವ ವಾಡಿಕೆ ಬಿಗಿಯಾಯಿತು. ಬಾಗಿಲಲ್ಲಿ ನಿಂತ ಕಾವಲುಗಾರನು ಹೆಚ್ಚಾಗಿ ಹಳ್ಳಿಯಿಂದ ಬಂದ, ಅಲ್ಪ ವೇತನದ, ನಿರಾಯುಧನಾದ ಬಡವ. ಅವನು ಮೋಟಾರಿನಲ್ಲಿ ಬಂದವರಿಗೆ ವಂದಿಸಿ, ಕಾಲ್ನಡಿಗೆಯಲ್ಲಿ ಬಂದವರ ಚೀಲವನ್ನು ತಡಕುವುದನ್ನು ನಾವು ದಿನವೂ ಕಾಣುತ್ತೇವೆ. ಸಹಸ್ರಾರು ಜನರು ನುಗ್ಗುವ ನಿಲ್ದಾಣಗಳಲ್ಲಿ ಲೋಹಶೋಧಕವು ಕೂಗಿದರೂ ಯಾರೂ ತಿರುಗಿ ನೋಡದಿರುವುದೂ ಉಂಟು. ಇಂತಹ ಕಾವಲಿನಿಂದ ಸಿಗುವುದು ಸಮಾಧಾನ ಮಾತ್ರ. ಅದರ ಬೆಲೆಯನ್ನು ತೆರುವವರು ಸಂಶಯಕ್ಕೆ ಸುಲಭವಾಗಿ ಸಿಕ್ಕುವ ಹೆಸರಿನವರು, ವೇಷದವರು, ಭಾಷೆಯವರು.

೭

ಇಷ್ಟೆಲ್ಲ ಆದ ಮೇಲೆ ನಾವು ಸುರಕ್ಷಿತರಾದೆವೆ? ಕಡಲಿನಿಂದ ಅಂತಹ ದಾಳಿ ಮತ್ತೆ ನಡೆದಿಲ್ಲ. ಇದನ್ನು ಕಾವಲಿನ ಫಲವೆಂದು ಕೊಂಚಮಟ್ಟಿಗಾದರೂ ಒಪ್ಪಬೇಕು. ಆದರೆ ೨೦೧೦ರಲ್ಲಿ ಪುಣೆ, ೨೦೧೧ರಲ್ಲಿ ಮತ್ತೆ ಮುಂಬಯಿ, ೨೦೧೯ರಲ್ಲಿ ಪುಲ್ವಾಮಾ, ೨೦೨೫ರ ಏಪ್ರಿಲ್ ೨೨ರಂದು ಕನ್ನಡಿಗರೂ ಸೇರಿದಂತೆ ೨೬ ಜನರು ಹತರಾದ ಪಹಲ್ಗಾಮ್, ಹೀಗೆ ಕೇಡು ಬೇರೆಬೇರೆ ದಾರಿಗಳನ್ನು ಹುಡುಕಿಕೊಂಡಿದೆ. ಮುಚ್ಚಿದ ದಿಡ್ಡಿಯ ಬಳಿಗೆ ಶತ್ರು ಮತ್ತೆ ಬರುವುದಿಲ್ಲ.

ಆದಕಾರಣ ಪ್ರತಿಯೊಂದು ಹೊಸ ಕಾವಲನ್ನೂ ಚರಿತ್ರೆಯು ಕಲಿಸಿದ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಇದು ನಿಜವಾಗಿ ಕಂಡ ಒಂದು ದೋಷಕ್ಕೆ ಉತ್ತರವೆ? ಇದರ ಭಾರವನ್ನು ಹೊರುವವರು ಯಾರು, ಅವರಿಗೆ ಪ್ರತಿಯಾಗಿ ದೊರೆಯುವುದೇನು? ಇದನ್ನು ಮತ್ತೆ ಪರಿಶೀಲಿಸುವ ದಿನವನ್ನು ಗೊತ್ತುಮಾಡಿದೆಯೆ? ಸುರಕ್ಷಾ ದಳದ ಹೊಸ ನೆಲೆಗಳು ಮೊದಲ ಪ್ರಶ್ನೆಯಲ್ಲಿ ತೇರ್ಗಡೆಯಾಗುತ್ತವೆ. ಮೀನುಗಾರನ ಚೀಟಿ ಎರಡನೆಯದರಲ್ಲಿ ಅರ್ಧ ನಿಲ್ಲುತ್ತದೆ. ೨೦೦೮ರ ತಿದ್ದುಪಡಿ ಮೂರನೆಯದರ ಎದುರಿನಲ್ಲಿ ಇನ್ನೂ ಉತ್ತರವಿಲ್ಲದೆ ನಿಂತಿದೆ.

ಇನ್ನೊಂದು ಮಾತು. ಆ ಬುಧವಾರ ರಾತ್ರಿ ಮುಂಬಯಿಯ ದಡದಲ್ಲಿ ದಾಳಿಕಾರರಿಗೆ ಎದುರಾದ ಮೊದಲ ಕಾವಲು ಯಾವ ಸರಕಾರವೂ ನೇಮಿಸಿದುದಲ್ಲ. ನೀವು ಯಾರು ಎಂದು ಕೇಳಿದ ಕೇರಿಯ ಒಬ್ಬ ನಿವಾಸಿಯ ಪ್ರಶ್ನೆ ಅದು. ಆ ಪ್ರಶ್ನೆಯಿಂದ ನಗರವು ಎಚ್ಚೆತ್ತುಕೊಳ್ಳಲಿಲ್ಲ. ದೋಣಿಗಳೂ ಕ್ಯಾಮರಾಗಳೂ ಎಷ್ಟು ಹೆಚ್ಚಿದರೂ ಇಂದಿಗೂ ಅಪರಿಚಿತನನ್ನು ಮೊದಲು ಕಾಣುವವನು ಅಂತಹ ಸಾಮಾನ್ಯನೇ. ಕಂಡುದನ್ನು ಅವನು ಠಾಣೆಗೆ ಹೋಗಿ ಹೇಳಬೇಕಾದರೆ ಠಾಣೆಯ ಮೆಟ್ಟಿಲು ಹತ್ತಲು ಅವನಿಗೆ ಅಂಜಿಕೆಯಿರಬಾರದು. ಹೇಳಿದವನನ್ನೇ ಹಿಡಿದಿಟ್ಟಾರೆಂಬ ಸಂಶಯವಿರಬಾರದು. ಜನರಿಗೆ ಠಾಣೆಯ ಮೇಲೆ ನಂಬಿಕೆ ಹುಟ್ಟಿಸುವ ಶಾಸನ ಕಾವಲನ್ನು ಬಲಪಡಿಸುತ್ತದೆ. ಭಯ ಹುಟ್ಟಿಸುವ ಶಾಸನ ಆ ಮೊದಲ ಪ್ರಶ್ನೆಯನ್ನೇ ಬಾಯಲ್ಲಿ ಅಡಗಿಸುತ್ತದೆ. ನಮ್ಮ ಮೂರು ಕರಾವಳಿ ಜಿಲ್ಲೆಗಳ ಒಂಬತ್ತು ಠಾಣೆಗಳ ಬಲವನ್ನು ಅಳೆಯುವವರು ಅಲ್ಲಿಯ ದೋಣಿಗಳನ್ನು ಎಣಿಸುವುದರ ಜೊತೆಗೆ, ಕಳೆದ ವರ್ಷ ಎಷ್ಟು ಮಂದಿ ಮೀನುಗಾರರು ತಾವಾಗಿಯೇ ಅಲ್ಲಿಗೆ ಬಂದು ಸುದ್ದಿ ಹೇಳಿದರೆಂಬುದನ್ನೂ ಎಣಿಸುವುದು ಒಳ್ಳೆಯದು.